ರೊಟ್ಟಿ ತಿಂದ ತೋಳ

“ಆಮ್ಯಾಲ ತೋಳ ಏನ್ ಮಾಡ್ತು, ಅಜ್ಜಿ?”

ಬಾಯಿ ತೆರೆದ ಹುಲುಗಮ್ಮ ಒಲೆಯ ಕಡೆ ನೋಡಿದಳು. ರೊಟ್ಟಿ ಬಡಿಯುತ್ತಿದ್ದ ಸೊಸೆ ನಾಗಜ್ಯೋತಿ ಕಣ್ಣಲ್ಲೇ ಬೇಡವೆಂದಳು. ತೋಳ ಕುರಿಮರಿಯನ್ನು ಹೊತ್ತೊಯ್ಯುವ ಕತೆ ಕೇಳಿದಂದಿನಿಂದ ಮೊಮ್ಮಗಳು ಚಂದನಾ ನಿದ್ದೆಯಲ್ಲಿ ಬೆಚ್ಚಿ ಏಳುತ್ತಿದ್ದಳು.

“ತೋಳಾ... ಒಂದು ರೊಟ್ಟಿ ಕೇಳ್ತು. ತಿಂದು ಹೋತು.”

“ಅಬದ್ಧ! ತೋಳ ರೊಟ್ಟಿ ತಿಂತೈತೇನು?”

“ನಿಮ್ಮಮ್ಮನ್ನ ಕೇಳವ್ವ. ಈಗ ನಮ್ಮನಿ ತೋಳ ಆಕಿ ಹಾಕಿದ್ದನ್ನ ತಿಂತಾವ.”

“ಸಣ್ಣ ಕೂಸಿಗೆ ಸಾಯೋ ಕತಿ ಯಾಕ್ರಿ, ಅತ್ತಿ?”

“ನಿನ್ನ ಗಂಡ ಇವನ್ನ ಕೇಳೇ ಬೆಳೆದಾನ.”

“ಅದಕ್ಕಾ ನಾಯಿ ಬೊಗಳಿದ್ರ ನನ್ನ ಎಬ್ಬಸ್ತಾರ!”

ಹುಲುಗಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅಷ್ಟರಲ್ಲಿ ಹೊರಗೆ ಕುರಿಮರಿಯೊಂದು ಅರಚಿತು. ಚಂದನಾ ಓಡಿದಳು. ನಾಗಜ್ಯೋತಿ ಹಿಟ್ಟಿನ ಕೈಯಲ್ಲೇ ಹಿಂದೆ ಹೋದಳು.

ಹಣೆಯ ಮೇಲೆ ಬಿಳಿ ಮಚ್ಚೆ ಇದ್ದ ಮರಿಗೆ ‘ಬೊಟ್ಟು’ ಎಂದು ಹೆಸರಿಟ್ಟವಳು ಚಂದನಾ. ಅದು ನಸುಕಿನಲ್ಲಿ ಸತ್ತಿತ್ತು. ಮಗಳು ಏಳುವ ಮೊದಲೇ ಮಣ್ಣು ಮಾಡಿಬಿಡಿ ಎಂದು ನಾಗಜ್ಯೋತಿ ಗಂಡ ಲಕ್ಷ್ಮಿಕಾಂತನಿಗೆ ಹೇಳಿದ್ದಳು. ಮಣ್ಣು ಮಾಡುವ ಮುನ್ನ ಲಕ್ಷ್ಮಿಕಾಂತ್ ಅದರ ತೊಗಲನ್ನು ಸುಲಿದಿಟ್ಟುಕೊಂಡಿದ್ದ. ಈಗ ಅದನ್ನು ತಾಯಿಯಿಲ್ಲದ ಇನ್ನೊಂದು ಮರಿಯ ಬೆನ್ನಿಗೆ ಕಟ್ಟುತ್ತಿದ್ದ. ತನ್ನ ಮರಿಯ ವಾಸನೆ ಬಂದರೆ ಮಾತ್ರ ಕುರಿ ಹಾಲು ಕೊಡುತ್ತದೆ.

“ಅಪ್ಪಾ, ಇದ್ಯಾಕ ಬೊಟ್ಟುನ ಅಂಗಿ ಹಾಕ್ಕೊಂಡೈತಿ? ಬೊಟ್ಟು ಎಲ್ಲೈತಿ?”

ಲಕ್ಷ್ಮಿಕಾಂತ್ ಹೆಂಡತಿಯ ಮುಖ ನೋಡಿದ.

“ಅದು... ಅವರಜ್ಜಿ ಊರಿಗೆ,” ಎಂದು ನಾಗಜ್ಯೋತಿ ಶುರು ಮಾಡಿದಳು. ಚಂದನಾ ಅವಳನ್ನು, ರೊಟ್ಟಿ ತಿಂದ ತೋಳವನ್ನು ನೋಡುವಂತೆ ನೋಡುತ್ತಿದ್ದಳು.

ನಾಗಜ್ಯೋತಿಗೆ ತವರೂರು ಚಿಪ್ಪಗಿರಿಯ ಮಾಳಿಗೆ ನೆನಪಾಯಿತು. ಬೇಸಿಗೆಯ ಸಂಜೆಗಳಲ್ಲಿ ಅವಳವ್ವ ಕೊಂಡಮ್ಮ ಶೇಂಗಾ ಸುಲಿಯುತ್ತ ಕೌಜುಗ ಹಕ್ಕಿಯ ಕತೆ ಹೇಳುತ್ತಿದ್ದಳು. ಹಾವು ಮೊಟ್ಟೆಗಳ ಹತ್ತಿರ ಬರುವಾಗ ಜ್ಯೋತಿ ಕಿವಿ ಮುಚ್ಚಿಕೊಳ್ಳುವಳು. ಅವ್ವ ಶೇಂಗಾ ಬಿಟ್ಟು, ಮಣ್ಣಿನ ವಾಸನೆಯ ಬೆರಳುಗಳಿಂದ ಆ ಕೈಗಳನ್ನು ಮೆಲ್ಲಗೆ ಬಿಡಿಸಿ, “ಮುಂದ ಹೇಳ್ಲ್ಯಾ?” ಎಂದು ಕೇಳುವಳು. ಜ್ಯೋತಿ ಹೂಂ ಅನ್ನುವವರೆಗೂ ಹಾವು ಅಲ್ಲೇ ನಿಂತಿರುತ್ತಿತ್ತು. ಅತ್ತ ಮೇಲೂ ಮರುದಿನ ಅದೇ ಕತೆ ಬೇಕಾಗುತ್ತಿತ್ತು.

ನಾಗಜ್ಯೋತಿ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಖರೇ ಹೇಳ್ಲ್ಯಾ?”

ಚಂದನಾ ಹೂಂ ಎಂದಳು.

“ಬೊಟ್ಟು ಸತ್ತೋತವ್ವಾ.”

“ತೋಳ ಬಂದಿತ್ತಾ?”

“ಇಲ್ಲ. ರೋಗ ಬಂದಿತ್ತು.”

ಚಂದನಾ ತಾಯಿಯ ಹೆಗಲಿಗೆ ಮುಖವೊತ್ತಿ ಜೋರಾಗಿ ಅತ್ತಳು. ಯಾರೂ ಅಳಬೇಡ ಅನ್ನಲಿಲ್ಲ.

ಲಕ್ಷ್ಮಿಕಾಂತ್ ಮರಿಯನ್ನು ಬೊಟ್ಟುವಿನ ತಾಯಿಕುರಿಯ ಬಳಿ ಬಿಟ್ಟ. ಕುರಿ ಮೂಸಿತು. ಮುಖ ತಿರುಗಿಸಿತು.

“ಇದೂ ಸಾಯ್ತೈತಾ?” ಬಿಕ್ಕುತ್ತಲೇ ಕೇಳಿದಳು ಚಂದನಾ.

“ಗೊತ್ತಿಲ್ಲ ಮಗಾ. ನೋಡಾಮು,” ಎಂದಳು ನಾಗಜ್ಯೋತಿ.

ಹುಲುಗಮ್ಮ ಏನೋ ಹೇಳಹೊರಟಾಗ ಚಂದನಾ ತುಟಿಗೆ ಬೆರಳಿಟ್ಟು ಅವಳನ್ನು ಸುಮ್ಮನಾಗಿಸಿದಳು. ಕುರಿ ಮತ್ತೆ ಮೂಸಿತು, ಈ ಸಲ ಬಹಳ ಹೊತ್ತು. ಮರಿ ಹೊಟ್ಟೆಯಡಿ ತಲೆ ತೂರಿಸಿತು. ಜೋತುಬಿದ್ದಿದ್ದ ಬೊಟ್ಟುವಿನ ಬಾಲದ ಕೆಳಗೆ ಇನ್ನೊಂದು ಬಾಲ ಪಟಪಟನೆ ಅಲುಗತೊಡಗಿತು.