ಮೂವತ್ತೊಂದನೇ ಪುಟದ ಮೀನು

ಕ್ಲಿಫ್ ಕರಿ ಸೂಟು ಹಾಕಿಕೊಂಡೇ ನೆಲಕ್ಕೆ ಮಂಡಿಯೂರಿ ಸೋಫಾದ ಕೆಳಗೆ ಕೈ ತೂರಿಸಿದ್ದ. ಕೈಗೆ ಒಂದು ಚಪ್ಪಲಿ ಸಿಕ್ಕಿತು, ಪುಡಿಯಾದ ಬಿಸ್ಕತ್ತು ಸಿಕ್ಕಿತು. ಪುಸ್ತಕ ಸಿಗಲಿಲ್ಲ. ಹೊರಗೆ ಬೀದಿಯಲ್ಲಿ ಶವದ ಕಾರು ಬಂದು ನಿಂತಿತ್ತು. ಅಂತ್ಯಕ್ರಿಯೆ ನಡೆಸಿಕೊಡುವ ಉದ್ದ ಟೋಪಿಯ ಮನುಷ್ಯ ಅದರ ಪಕ್ಕದಲ್ಲಿ ತಲೆ ತಗ್ಗಿಸಿ ಕಾಯುತ್ತಿದ್ದ.

ಬಾಗಿಲಲ್ಲಿ ನಿಂತಿದ್ದ ಮಗಳು ಜನೀನ್, "ಅಪ್ಪಾ, ಇವತ್ತೊಂದಿನ ಬಿಟ್ಬಿಡು ಅದನ್ನ. ಅಮ್ಮ ಹೊರಗೆ ಕಾಯ್ತಿದಾಳೆ" ಅಂದಳು. ಅಂದ ಮೇಲೆ ತಾನೇನು ಅಂದೆ ಎಂದು ಹೊಳೆದು, ಅವಳ ಮೂಗಿನ ತುದಿ ಕೆಂಪಾಯಿತು.

ಕ್ಲಿಫ್ ಎದ್ದು ಮಂಡಿಯ ಧೂಳು ಕೊಡವಿಕೊಂಡ. ಮೂರು ವಾರದಿಂದ ಅವನು ಹುಡುಕದ ಜಾಗವಿರಲಿಲ್ಲ. ಆ ಊರಿನಲ್ಲಿ ಸತ್ತವರೂ ಸರದಿಯಲ್ಲಿ ಕಾಯಬೇಕು. ಹೆಂಡತಿ ನೋರೀನ್‌ಗೆ ದಹನದ ದಿನ ಸಿಗುವುದಕ್ಕೆ ಮೂರು ವಾರ ಹಿಡಿದಿತ್ತು. ಅಷ್ಟೂ ದಿನ ಅವನು ಮಂಚದಡಿ, ಬೀರುವಿನ ಮೇಲೆ, ಕೊನೆಗೆ ಫ್ರಿಜ್ಜಿನೊಳಗೂ ನೋಡಿದ್ದ. ಅವಳು ಕಡೆಕಡೆಗೆ ಕನ್ನಡಕವನ್ನು ಬೆಣ್ಣೆಯ ಪಕ್ಕ ಇಡುತ್ತಿದ್ದಳಲ್ಲ, ಅದಕ್ಕೆ. ಅವನಿಗೆ ಬೇಕಾಗಿದ್ದದ್ದು ರಟ್ಟಿನ ಮೇಲೆ ದೀಪಸ್ತಂಭದ ಚಿತ್ರವಿದ್ದ ಒಂದು ಹಳೆಯ ಕೊಲೆ ಕತೆ. ಅವಳು ಓದಿ ಮುಗಿಸಿದ ಕೊನೆಯ ಪುಸ್ತಕ.

ಇಷ್ಟಾಗಿ ಅದು ಮನೆಯಲ್ಲಿಲ್ಲವೆಂದು ಅವನಿಗೆ ಗೊತ್ತೇ ಇತ್ತು. ಅದನ್ನು ತಾನೇ ತನ್ನ ಕೈಯಾರೆ ಕೊಟ್ಟು ಬಂದಿದ್ದ. ಗೊತ್ತಿದ್ದೂ ಹುಡುಕುತ್ತಿದ್ದ.

"ಅದೇ ಪುಸ್ತಕ ಬೇರೆ ಪ್ರತಿ ತರಿಸಿ ಕೊಡ್ತೀನಿ ಅಂದೆನಲ್ಲ" ಎಂದಳು ಜನೀನ್, ಅವನ ಟೈ ಸರಿಮಾಡುತ್ತ. ಅವನು ಹೋಗಿ ಹಿಂದಿನ ಕಾರಿನಲ್ಲಿ ಕೂತ. ಅಂಗಡಿಯ ಗ್ಲೆಂಡಾ ಬರುತ್ತಾಳಾ ಎಂದು ಮಾತ್ರ ಕೇಳಿದ. ಆಪರೇಷನ್ ಆಗಿ ಎರಡೂವರೆ ವಾರ ಆಯ್ತಲ್ಲ, ಊರುಗೋಲು ಹಿಡಿದುಕೊಂಡಾದರೂ ಬರ್ತೀನಿ ಅಂದಿದಾಳೆ, ಅಂದಳು ಮಗಳು. ಕಾರು ಹೊರಟಿತು. ಉದ್ದ ಟೋಪಿಯವನು ಬೀದಿಯ ತಿರುವಿನ ತನಕ ಮುಂದೆ ಮುಂದೆ ನಡೆದ. ನೆರೆಯವರು ಗೇಟಿನ ಬಳಿ ಕೈಕಟ್ಟಿ ನಿಂತರು.

* * *

ನೋರೀನ್ ಗ್ರಿಮ್ಸ್‌ಬಿಯ ಬಂದರಿನಲ್ಲಿ ಮೀನು ಸೀಳುವ ಕೆಲಸಕ್ಕೆ ಸೇರಿದಾಗ ಇನ್ನೂ ಲಂಗದ ಹುಡುಗಿ. ಐಸಿನಲ್ಲಿ ಕೈಯಿಟ್ಟು ಇಟ್ಟು ಬೆರಳುಗಳು ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು. ಮದುವೆಯಾದ ಹೊಸದರಲ್ಲಿ ಅವಳು ಆ ಕೈಯನ್ನು ಕ್ಲಿಫ್‌ನ ಕತ್ತಿನ ಹಿಂದೆ ಇಟ್ಟು ಅವನನ್ನು ಬೆಚ್ಚಿಬೀಳಿಸುತ್ತಿದ್ದಳು. ಅವನು ಬಸ್ಸು ಓಡಿಸುತ್ತಿದ್ದ. ಓದು ಅವನ ಜಾಯಮಾನವಲ್ಲ. ಅವಳಿಗೋ, ಚಹಾ ಇಲ್ಲದಿದ್ದರೂ ನಡೆದೀತು, ಕೊಲೆ ಕತೆ ಇಲ್ಲದೆ ರಾತ್ರಿ ಕಳೆಯದು.

ಆಮೇಲೆ ಮೀನಿನ ವ್ಯಾಪಾರ ಮುಳುಗಿತು. ಪೇಟೆಬೀದಿಯ ಅಂಗಡಿಗಳು ಒಂದೊಂದೇ ಹಲಗೆ ಬಡಿದುಕೊಂಡವು. ಹಾಗೆ ಮುಚ್ಚಿದ ಬಾಗಿಲುಗಳಲ್ಲಿ ಧರ್ಮದ ಅಂಗಡಿಗಳು ತೆರೆದವು. ಜನ ಬೇಡವೆಂದು ಕೊಟ್ಟ ಬಟ್ಟೆಬರೆ, ಪಿಂಗಾಣಿ, ಪುಸ್ತಕಗಳನ್ನು ಅಗ್ಗಕ್ಕೆ ಮಾರಿ ಪುಣ್ಯದ ಕೆಲಸಕ್ಕೆ ಹಾಕುವ ಅಂಗಡಿಗಳು ಅವು. ಅನಾಥ ಬೆಕ್ಕುಗಳಿಗೊಂದು, ಹೃದಯರೋಗದವರಿಗೊಂದು, ಕಡಲಿನಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ದೋಣಿಗೊಂದು, ಸಾಯುವವರನ್ನು ನೋಡಿಕೊಳ್ಳುವ ಆಶ್ರಮಕ್ಕೊಂದು. "ಬೆಕ್ಕಿಗೆ ಹೋಗಿ, ಹೃದಯ ನೋಡ್ಕೊಂಡು, ಆಶ್ರಮಕ್ಕೆ ಬಂದು ಸೇರ್ತೀನಿ" ಎಂದು ನೋರೀನ್ ಚೀಲ ಹೆಗಲಿಗೇರಿಸುವಳು. ನಮ್ಮೆಲ್ಲರ ಬಾಳೂ ಅದೇ ದಾರಿಯಲ್ಲವೇ ಎಂದು ಅವಳ ಬಂದರಿನ ಗೆಳತಿ ಐವಿ ನಗುವಳು.

ಅಲ್ಲಿನ ಹೆಂಗಸರಿಗೆ ಒಂದು ಪದ್ಧತಿಯಿತ್ತು. ತಂದದ್ದನ್ನು ಓದಿ ಮುಗಿಸಿ ಮತ್ತೆ ಅದೇ ಅಂಗಡಿಗೆ ಕೊಡುತ್ತಿದ್ದರಲ್ಲ, ಓದಿದ್ದನ್ನೇ ಮರೆತು ಎರಡನೇ ಸಲ ಕೊಂಡು ಮೋಸಹೋಗಬಾರದೆಂದು ಒಳಗೊಂದು ಗುರುತು ಹಾಕಿಡುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪುಟ, ಒಂದೊಂದು ಗುರುತು. ಐವಿಯದು ತ್ರಿಕೋಣ. ನೋರೀನ್‌ಳದು ಮೂವತ್ತೊಂದನೇ ಪುಟ, ಅದು ಅವರ ಮನೆಯ ನಂಬರು. ಅಲ್ಲಿ ಕೆಳಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಪುಟ್ಟ ಮೀನು. ಎರಡು ಬಾಗು ಗೆರೆ ಬಾಲದಲ್ಲಿ ಕೂಡುತ್ತಿದ್ದವು, ಒಂದು ಚುಕ್ಕೆ ಕಣ್ಣು. ಜೀವಮಾನವೆಲ್ಲ ಮೀನು ಸೀಳಿದವಳು ಇನ್ನೇನು ಬರೆದಾಳು?

ಎರಡು ವರ್ಷದ ಹಿಂದೆ ಒಂದು ಗುರುವಾರ ಕ್ಲಿಫ್ ಅವಳ ಜೊತೆ ಆಶ್ರಮದ ಅಂಗಡಿಗೆ ಹೋಗಿದ್ದ. ಅಷ್ಟು ಹೊತ್ತಿಗಾಗಲೇ ನೋರೀನ್ ಬೀದಿಗಳ ಹೆಸರು ಕಳೆದುಕೊಂಡಿದ್ದಳು. ಮೊಮ್ಮಗಳನ್ನು ಜನೀನ್ ಎಂದು ಕರೆಯುತ್ತಿದ್ದಳು. ಅದನ್ನೆಲ್ಲ ತಮಾಷೆ ಮಾಡಿ ತೇಲಿಸಿಬಿಡುವ ಜಾಣತನ ಮಾತ್ರ ಉಳಿದಿತ್ತು. ಅವಳು ಕಪಾಟಿನಿಂದ ಒಂದು ಪುಸ್ತಕ ತೆಗೆದಳು, ಹಿಂದಿನ ರಟ್ಟು ಓದಿದಳು, ಚೆನ್ನಾಗಿದೆ ಅನ್ನಿಸಿ ಮೂವತ್ತೊಂದನೇ ಪುಟ ತಿರುವಿದಳು. ಮೀನಿತ್ತು. ಇಟ್ಟು ಇನ್ನೊಂದು ತೆಗೆದಳು. ಅದರಲ್ಲೂ ಇತ್ತು. ಮೂರನೆಯದು, ನಾಲ್ಕನೆಯದು. ಆಮೇಲೆ ರಟ್ಟು ಓದುವುದನ್ನೇ ಬಿಟ್ಟು, ಸರಸರನೆ ಪುಟ ತಿರುವಿ ನೆಲಕ್ಕೆ ಹಾಕತೊಡಗಿದಳು.

"ಎಲ್ಲಾ ಓದಿದೀನಿ, ಕ್ಲಿಫ್" ಅಂದಳು. "ಒಂದೂ ಗೊತ್ತಿಲ್ಲ. ಎಲ್ಲಿ ಹೋಯ್ತು ಅದೆಲ್ಲ?"

ಅಂಗಡಿ ನೋಡಿಕೊಳ್ಳುತ್ತಿದ್ದ ಗ್ಲೆಂಡಾ ಓಡಿಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. ನೋರೀನ್ ಪುಟ್ಟ ಮಕ್ಕಳ ಹಾಗೆ ಬಾಯಿಬಿಟ್ಟು ಅತ್ತಳು. ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದಾಗಲೂ ಅವಳು ಅತ್ತಿರಲಿಲ್ಲ. ಕ್ಲಿಫ್ ಕೈ ಕೈ ಹಿಸುಕಿಕೊಂಡು ನಿಂತಿದ್ದ. ಬಸ್ಸು ಕೆಟ್ಟರೆ ಇಳಿದು ನೋಡಬಹುದು. ಇದಕ್ಕೆ ಎಲ್ಲಿ ಇಳಿಯುವುದು, ಏನು ನೋಡುವುದು?

ಆ ಭಾನುವಾರ ಅವನು ಮೊಮ್ಮಗಳ ರಬ್ಬರು ಇಸಿದುಕೊಂಡು ಅಡುಗೆಮನೆಯ ಮೇಜಿಗೆ ಕೂತ. ಮನೆಯಲ್ಲಿದ್ದ ಒಂದೊಂದೇ ಪುಸ್ತಕ ತೆಗೆದು ಮೀನುಗಳನ್ನು ಅಳಿಸಿದ. ಗ್ಲೆಂಡಾ ಅಂಗಡಿಯಲ್ಲಿದ್ದವನ್ನು ಅಳಿಸಿದಳು. ಅಂದಿನಿಂದ ಹತ್ತು ಹನ್ನೆರಡು ಪುಸ್ತಕಗಳು ಆ ಮನೆಗೂ ಅಂಗಡಿಗೂ ನಡುವೆ ಸುತ್ತತೊಡಗಿದವು. ಭಾನುವಾರ ಅವನು ಅಳಿಸುವನು. ಸೋಮವಾರ ಬೆಳಿಗ್ಗೆ ಚೀಲವನ್ನು ಅಂಗಡಿಯ ಹಿಂಬಾಗಿಲಲ್ಲಿ ಇಟ್ಟುಬರುವನು. ಗ್ಲೆಂಡಾ ಅವನ್ನು ಬೇರೆಯವರ ಕೈಗೆ ಸಿಗದಂತೆ ಎತ್ತಿಟ್ಟು, ಗುರುವಾರ ನೋರೀನ್ ಬರುವ ಹೊತ್ತಿಗೆ ಕಪಾಟಿನಲ್ಲಿ ಜೋಡಿಸುವಳು. ನೋರೀನ್ ತೆಗೆದು, ಮೂವತ್ತೊಂದನೇ ಪುಟ ನೋಡಿ, "ಓದಿಲ್ಲ ಇದನ್ನ" ಎಂದು ಹಿಗ್ಗುವಳು. ಕಡೆಯ ದಿನಗಳಲ್ಲಿ ಅವಳ ಕೈಗೆ ತನ್ನ ಸಹಿಯೇ ಮರೆತುಹೋಗಿತ್ತು. ಮೀನು ಮರೆತಿರಲಿಲ್ಲ. ಪುಸ್ತಕ ಓದುತ್ತಿದ್ದಳೋ ಬರೀ ಪುಟ ತಿರುವುತ್ತಿದ್ದಳೋ ದೇವರಿಗೇ ಗೊತ್ತು. ಮುಗಿಸಿದ ಮೇಲೆ ಮಾತ್ರ ಪೆನ್ಸಿಲು ಕೇಳಿ ಇಸಿದುಕೊಂಡು, ನಾಲಗೆ ಕಚ್ಚಿಕೊಂಡು, ಎರಡು ಗೆರೆ ಎಳೆದು ಕಣ್ಣಿಡುತ್ತಿದ್ದಳು.

ದೀಪಸ್ತಂಭದ ಪುಸ್ತಕಕ್ಕೆ ಶನಿವಾರ ಸಂಜೆ ಮೀನು ಬಿತ್ತು. ಭಾನುವಾರ ಬೆಳಿಗ್ಗೆ ಕ್ಲಿಫ್ ಚಹಾ ತಂದಾಗ ಅವಳು ಎದ್ದಿರಲಿಲ್ಲ. ಆ ಭಾನುವಾರ ರಬ್ಬರು ಹಿಡಿಯುವವರು ಯಾರು? ಸೋಮವಾರ ಬೆಳಿಗ್ಗೆ, ಮನೆ ತುಂಬ ಜನ ಮಲಗಿರುವಾಗ, ಅವನು ಎದ್ದು ಬೂಟು ಹಾಕಿ, ಚೀಲ ಎತ್ತಿಕೊಂಡು, ಹೋಗಿ ಅಂಗಡಿಯ ಹಿಂಬಾಗಿಲಲ್ಲಿ ಇಟ್ಟು ಬಂದ. ಸೋಮವಾರವಾಗಿತ್ತು, ಅದಕ್ಕೆ. ಏನು ಮಾಡಿದೆನೆಂದು ಅವನಿಗೆ ಅರಿವಾಗುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಎರಡು ವರ್ಷ ಅವಳು ಬರೆದದ್ದನ್ನೆಲ್ಲ ಅವನೇ ಒಂದೂ ಬಿಡದೆ ಅಳಿಸಿದ್ದ. ಉಳಿದಿದ್ದದ್ದು ಆ ಒಂದು ಮೀನು.

ಓಡಿ ಹೋದಾಗ ಗ್ಲೆಂಡಾ ಮಂಡಿಯ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದಳು. ಕಪಾಟಿನಲ್ಲಿ ಪುಸ್ತಕವಿರಲಿಲ್ಲ. ಅವಳ ಬದಲಿಗೆ ಬಂದಿದ್ದ ಹೆಂಗಸು, ಇರೋದೆಲ್ಲ ಕಪಾಟಲ್ಲೇ ಇದೆ, ಬಹುಶಃ ಮಾರಿಹೋಗಿರಬೇಕು ಅಂದಳು. ಆಪರೇಷನ್ ಆದವಳಿಗೆ ಒಂದು ಪುಸ್ತಕಕ್ಕಾಗಿ ಫೋನು ಮಾಡಲು ಕ್ಲಿಫ್‌ಗೆ ಸಂಕೋಚ.

* * *

ದಹನಮಂದಿರದ ಹೊರಗೆ ಮುಂದಿನ ಹೆಣದವರು ಆಗಲೇ ಬಂದು ಸಿಗರೇಟು ಸೇದುತ್ತ ನಿಂತಿದ್ದರು. ಒಳಗೆ ಮುಂದಿನ ಬೆಂಚಿನಲ್ಲಿ ಕೂತ ಕ್ಲಿಫ್ ಪೆಟ್ಟಿಗೆಯ ಕಡೆ ನೋಡುವುದಕ್ಕಿಂತ ಹೆಚ್ಚಾಗಿ ಹಿಂದಿನ ಬಾಗಿಲ ಕಡೆ ತಿರುಗಿ ನೋಡುತ್ತಿದ್ದ. ದುಃಖ ತಡೆಯಲಾರದೆ ಎದ್ದು ಹೋಗಲು ನೋಡುತ್ತಿದ್ದಾನೆಂದುಕೊಂಡು ಜನೀನ್ ಅವನ ಕೈಯನ್ನು ಬಿಗಿಯಾಗಿ ಹಿಡಿದಳು.

ಸತ್ತವಳ ಬಗ್ಗೆ ಮಾತಾಡಲು ಬಂದಿದ್ದವನು ನೋರೀನ್‌ಳನ್ನು ಎಂದೂ ಕಂಡವನಲ್ಲ. ಮನೆಯವರು ಹೇಳಿಕೊಟ್ಟಿದ್ದನ್ನೇ ಹೂವಿನ ಹಾರ ಮಾಡಿ ಒಪ್ಪಿಸಿದ. ನೋರೀನ್‌ಗೆ ಪುಸ್ತಕವೆಂದರೆ ಪ್ರಾಣ ಅಂದ. ಕೊನೆಯ ದಿನದ ತನಕ ಹೊಸ ಹೊಸ ಪುಸ್ತಕ ಓದುತ್ತಿದ್ದರು ಅಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಗಟ್ಟಿಯಾಗಿ ಮೂಗು ಸೀಟಿದರು. ಕ್ಲಿಫ್ ತಿರುಗಿದ. ಗ್ಲೆಂಡಾ. ಊರುಗೋಲು ಪಕ್ಕಕ್ಕೆ ಒರಗಿಸಿ ಕೂತಿದ್ದಳು. ಇಂಥ ಹೊತ್ತಿನಲ್ಲಿ ಪುಸ್ತಕದ ಆಸೆ ಹುಟ್ಟಬಾರದು ಎಂದು ಅವನಿಗೇ ನಾಚಿಕೆಯಾಯಿತು. ಮತ್ತೆ ಮುಂದಕ್ಕೆ ತಿರುಗುವಷ್ಟರಲ್ಲಿ ಪೆಟ್ಟಿಗೆಯ ಮುಂದೆ ಪರದೆ ಎಳೆದುಬಿಟ್ಟಿದ್ದರು.

* * *

ಊಟ ಬಂದರಿನ ಕ್ಲಬ್ಬಿನ ಮಹಡಿಯಲ್ಲಿ. ಹ್ಯಾಮ್ ಸ್ಯಾಂಡ್‌ವಿಚ್ಚು, ಹಂದಿಮಾಂಸದ ಕಡುಬು, ದೊಡ್ಡ ಕೆಟಲಿನಲ್ಲಿ ಚಹಾ. ಬಂದವರೆಲ್ಲ ಕ್ಲಿಫ್‌ನ ಭುಜ ತಟ್ಟಿ, ತುಂಬಾ ಚೆನ್ನಾಗಿ ಆಯ್ತು ಎಂದು ಮದುವೆಗೆ ಹೇಳುವ ಹಾಗೆ ಹೇಳಿ ತಟ್ಟೆಯ ಕಡೆ ಸರಿದರು. ಐವಿ ಎರಡು ಗ್ಲಾಸು ಶೆರ್ರಿ ಇಳಿಸಿ, ನೋರೀನ್ ಜೊತೆ ಒಂದೇ ಮೇಜಲ್ಲಿ ಮೀನು ಸೀಳುವುದೆಂದರೆ ಶಿಕ್ಷೆ ಎಂದು ಕತೆ ಶುರುಮಾಡಿದ್ದಳು.

"ಪುಸ್ತಕ ನಂಗೇ ಕೊಡೋಳು, ಕೊಟ್ಟು ಕೊಲೆಗಾರ ಯಾರು ಅಂತಾನೂ ಅವಳೇ ಹೇಳೋಳು. ಒಂದಿನ ರೇಗಿ ಅವಳ ಮುಖಕ್ಕೆ ಒಂದು ಹ್ಯಾಡಕ್ ಮೀನು ಬೀಸಿದೀನಿ ನಾನು" ಎಂದಳು. ಎಲ್ಲರೂ ನಕ್ಕರು. ಐವಿ ನಗುತ್ತಲೇ ಅಳತೊಡಗಿದಳು.

ಕ್ಲಿಫ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೆಟ್ಟಿಲ ಕಡೆಯೇ ನೋಡುತ್ತಿದ್ದ. ಕೊನೆಗೂ ಊರುಗೋಲಿನ ಸದ್ದು ಕೇಳಿತು. ಗ್ಲೆಂಡಾ ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಅವಳ ಹೆಗಲಲ್ಲಿ ನೋರೀನ್‌ಳ ಚೌಕುಳಿ ಚೀಲವಿತ್ತು.

ಅವನು ಬಾಯಿ ಬಿಡುವ ಮೊದಲೇ ಅವಳು ಚೀಲವನ್ನು ಮೇಜಿನ ಮೇಲಿಟ್ಟು ಉಸಿರು ಎಳೆದುಕೊಂಡಳು. ಅಂಗಡಿಯ ನನ್ನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೆ, ಮಾರನೇ ದಿನವೇ ಆಪರೇಷನ್ನಿಗೆ ಬಾ ಅಂತ ಕರೆ ಬಂತು, ಬೀಗದಕೈ ನನ್ನ ಜೊತೆಗೇ ಆಸ್ಪತ್ರೆಗೆ ಬಂದಿತ್ತು, ಆ ಹೊಸಬಳಿಗೆ ಪಾಪ ಏನು ಗೊತ್ತು, ಅಂದಳು. ಮೇಲೇ ಇತ್ತು ದೀಪಸ್ತಂಭ. ಮೂರು ವಾರದಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗೆಯಂಥದ್ದು ಮೂಡಿದ್ದನ್ನು ಜನೀನ್ ಆಚೆ ಮೇಜಿನಿಂದ ಕಂಡಳು.

"ಆ ಸೋಮವಾರ ನಂಗೆ ಸುದ್ದಿ ಗೊತ್ತಿರಲಿಲ್ಲ, ಕ್ಲಿಫ್" ಎಂದು ಗ್ಲೆಂಡಾ ಅವನ ಕೈ ಹಿಡಿದುಕೊಂಡಳು. "ಗುರುವಾರಕ್ಕೆ ಜೋಡಿಸೋಣ ಅಂತ ತೆಗೆದು ನೋಡ್ತೀನಿ, ಇದ್ರಲ್ಲಿ ಮೀನು ಹಾಗೇ ಇದೆ. ಅಯ್ಯೋ, ಇವ್ನು ಮರ್ತಿದಾನೆ, ಅವಳ ಕಣ್ಣಿಗೆ ಬಿದ್ರೆ ಮತ್ತೆ ಅಳ್ತಾಳೆ ಅಂತ ಹೆದರಿಕೆ ಆಯ್ತು. ಕೂತ್ಕೊಂಡು ನಾನೇ ಉಜ್ಜಿದೆ. ನೋಡು ಬೇಕಾದ್ರೆ, ಇತ್ತು ಅಂತಾನೇ ಗೊತ್ತಾಗಲ್ಲ."

ಕ್ಲಿಫ್ ಅವಳ ಮುಖ ನೋಡಿದ. ನೋಯುವ ಕಾಲಿನಲ್ಲಿ ಮೆಟ್ಟಿಲು ಹತ್ತಿ ಬಂದಿದ್ದ ಅವಳ ಮುಖದಲ್ಲಿ, ಸ್ನೇಹಿತೆಗೆ ಕೊನೆಯ ಸಲ ಒಂದು ಉಪಕಾರ ಮಾಡಿದೆನೆಂಬ ಸಮಾಧಾನವಿತ್ತು. ಅವನಿಗೆ ಕಿರುಚಬೇಕೆನ್ನಿಸಿತು. ಯಾರ ಮೇಲೆ ಕಿರುಚುವುದು? ಇದನ್ನು ಅವಳಿಗೆ ಕಲಿಸಿದವನೇ ಅವನು.

"ಒಳ್ಳೇದು ಮಾಡ್ದೆ, ಗ್ಲೆಂಡಾ" ಅಂದ.

ಪುಸ್ತಕ ಹಿಡಿದು ಕಿಟಕಿಯ ಬಳಿ ಹೋದ. ಮೂವತ್ತೊಂದನೇ ಪುಟ ತೆಗೆದು ಬೆಳಕಿಗೆ ಓರೆಯಾಗಿ ಹಿಡಿದ. ಪೆನ್ಸಿಲು ಒತ್ತಿದ ಗುರುತಾದರೂ ಉಳಿದಿದೆಯೇ ಎಂದು ಕೆಳಮೂಲೆಯ ಮೇಲೆ ಹೆಬ್ಬೆರಳು ಆಡಿಸಿದ. ಅವಳು ಕಡೆಕಡೆಗೆ ಪೆನ್ಸಿಲನ್ನು ಹಗುರವಾಗಿ ಹಿಡಿಯುತ್ತಿದ್ದಳು. ಗ್ಲೆಂಡಾ ಹೇಳಿದ್ದು ನಿಜ, ಏನೂ ಗೊತ್ತಾಗುತ್ತಿರಲಿಲ್ಲ. ಎರಡು ಪುಟ ಕೂಡುವ ಸಂದಿಯಲ್ಲಿ ಮಾತ್ರ, ಹೊಲಿಗೆಯ ದಾರದ ಪಕ್ಕದಲ್ಲಿ, ರಬ್ಬರಿನ ಒಂದೆರಡು ಎಳೆ ಸುರುಳಿಯಾಗಿ ಬಿದ್ದಿದ್ದವು. ಪೆನ್ಸಿಲಿನ ಮಸಿ ಹೀರಿ ಕಪ್ಪಾಗಿದ್ದವು.

ಆ ಎಳೆಗಳು ಹಾರದಂತೆ ಅವನು ಉಸಿರು ಬಿಗಿಹಿಡಿದು ಪುಸ್ತಕ ಮುಚ್ಚಿದ.

ಮನೆಗೆ ಹೊರಟಾಗ ಜನೀನ್ ಚೀಲ ತೆಗೆದುಕೊಂಡು, ಅದನ್ನೂ ಇದರಲ್ಲಿ ಹಾಕು ಅಂದಳು. ಅವನು ಕೊಡಲಿಲ್ಲ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಲಿಲ್ಲ. ಕಾರಿನಲ್ಲಿ ಬೆಲ್ಟನ್ನೂ ಅವಳೇ ಹಾಕಬೇಕಾಯಿತು, ಅವನ ಎರಡು ಕೈಯೂ ಖಾಲಿಯಿರಲಿಲ್ಲ. ಬೋರಲಾಗದಂತೆ, ವಾಲದಂತೆ, ತುಂಬಿದ ಚಹಾದ ಬಟ್ಟಲನ್ನು ಹಿಡಿದ ಹಾಗೆ, ಪುಸ್ತಕವನ್ನು ಅಂಗೈಗಳ ಮೇಲೆ ಮಟ್ಟಸವಾಗಿ ಇಟ್ಟುಕೊಂಡು ಕೂತಿದ್ದ.

"ತಿರುವಲ್ಲಿ ಸ್ವಲ್ಪ ನಿಧಾನ" ಅಂದ ಮಗಳಿಗೆ.