ರಾಜಿಪತ್ರದ ಚಕ್ಕುಬಂದಿ

"ಅನ್ನ ಆಕಿದ್ ಕೈನೇ ಕಚ್ತೀಯಲ್ಲೇ ಬೇವರ್ಸಿ ಮುಂಡೆ. ನಿಂಗೇನೇ ಕಮ್ಮಿ ಮಾಡಿದ್ದು ನಾವು?"

ಚಲುವರಾಜು ತನ್ನ ರೇಷ್ಮೆ ಹುಳುಮನೆಯ ಬಾಗಿಲಲ್ಲಿ ನಿಂತು ಬೈಯುತ್ತಿದ್ದ. ಶೋಭಾರಾಣಿ ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಅಂಗಳದಲ್ಲಿ ನಿಂತಿದ್ದಳು. ಹೊರೆ ಇಳಿಸು ಎಂದು ಅವನು ಇನ್ನೂ ಹೇಳಿರಲಿಲ್ಲ, ಹೇಳದೆ ಇಳಿಸುವ ಪದ್ಧತಿ ಆ ಅಂಗಳದಲ್ಲಿ ಇರಲಿಲ್ಲ. ಒಳಗೆ ಹುಳುಗಳು ಪೊರೆ ಬಿಡುವ ನಾಲ್ಕನೇ ಜ್ವರ ಎದ್ದು ಹಸಿದಿದ್ದವು. ರೇಷ್ಮೆ ಹುಳುವಿಗೆ ಗದ್ದಲ ಆಗದು, ಘಾಟು ಆಗದು, ಕೇರಿಯವರ ಕಾಲೂ ಆಗದು ಎಂದು ಚಲುವರಾಜು ನಂಬಿದ್ದ. ಅದಕ್ಕೇ ಕೇರಿಯ ಹೆಂಗಸರು ಸೊಪ್ಪನ್ನು ಹೊಸಿಲಿನ ಹೊರಗಿಟ್ಟು ಹಿಂದಕ್ಕೆ ಸರಿಯಬೇಕು. ಕೇರಿಯ ಮಕ್ಕಳು ಮಾತ್ರ ಒಳಗೆ ಹೋಗಬಹುದಿತ್ತು. ತಟ್ಟೆಗಳ ಸಂದಿಯಲ್ಲಿ ನುಸುಳಿ ಕಸ ತೆಗೆಯಲು ಸಣ್ಣ ಕೈಗಳೇ ಬೇಕು ನೋಡಿ, ಅಲ್ಲಿ ಮೈಲಿಗೆ ಕೊಂಚ ಸಡಿಲವಾಗುತ್ತಿತ್ತು.

ಹಾಗೆ ಒಳಗೆ ಹೋಗಿದ್ದ ಅವಳ ಮಗಳ ಮೈಮೇಲೆ ಎಂಟು ದಿನದ ಹಿಂದೆ ಚಲುವರಾಜುವಿನ ತಮ್ಮ ಶಿವರಾಜು ಬಾಗಿಲು ಹಾಕಿಕೊಂಡು ಕೈ ಹಾಕಿದ್ದ. ಹುಡುಗಿಗೆ ಹನ್ನೆರಡು ವರ್ಷ, ಏಳನೇ ಕ್ಲಾಸು. ಅವಳ ಹೆಸರು ಹೇಳಬಾರದೆಂದು ಕಾನೂನಿದೆ, ಆದ್ದರಿಂದ ನಾವೂ ಹೇಳುವುದಿಲ್ಲ. ಊರಲ್ಲಿ ಮಾತ್ರ ಅವಳ ಹೆಸರನ್ನು ಎಲ್ಲರೂ ಹೇಳುತ್ತಿದ್ದರು, ಶಿವರಾಜುವಿನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಕಾನೂನು ಮಳವಳ್ಳಿಯಲ್ಲಿ ಬಸ್ಸು ಬದಲಿಸಿ, ಬೆಳಕವಾಡಿ ದಾರಿ ಹಿಡಿದು ಈ ಊರಿಗೆ ಬರುವಷ್ಟರಲ್ಲಿ ತಲೆಕೆಳಗಾಗಿತ್ತು.

ಹುಡುಗಿ ಅಂದು ಸಂಜೆಯೇ ಅವ್ವನಿಗೆ ಹೇಳಿದಳು. ಅವ್ವ ಮೊದಲು ಅವಳ ಬಾಯಿ ಮುಚ್ಚಿದಳು, ಆಮೇಲೆ ತಬ್ಬಿಕೊಂಡಳು. ಮದ್ದೂರಿನ ಎಳನೀರು ಮಾರ್ಕೆಟ್ಟಿನಲ್ಲಿ ಲೋಡು ತುಂಬುವ ಗಂಡ ಮಹದೇವು ಫೋನಿನಲ್ಲಿ ಅತ್ತ, ಅತ್ತು ಮುಗಿಸಿ "ದೊಡ್ಡೋರ್ ಏಳ್ದಂಗೆ ಕೇಳು" ಅಂದ. ಎರಡು ದಿನ ಕಳೆದ ಮೇಲೆ ಅವಳು ಕೇರಿಯ ಯಜಮಾನ ಪುಟ್ಟಮಾದಯ್ಯನಿಗೆ ಹೇಳಿದಳು. ಪುಟ್ಟಮಾದಯ್ಯ ಊರಿನ ಯಜಮಾನ ತಿಮ್ಮಯ್ಯನಿಗೆ, ತಿಮ್ಮಯ್ಯ ಚಲುವರಾಜುವಿಗೆ ಹೇಳಿದ. ಹುಡುಗಿ ಸ್ಕೂಲಿಗೆ ಬಾರದ್ದು ಕಂಡು ವಿಚಾರಿಸಿದ ಹೆಡ್ಮಾಸ್ಟರ್ ಸಿದ್ದರಾಮುವಿಗೂ ತಿಳಿಯಿತು. ಎಲ್ಲರಿಗೂ ಗೊತ್ತಾಗಿ, ಯಾರಿಗೂ ಏನೂ ಗೊತ್ತಿರಲಿಲ್ಲ. ಅದರಲ್ಲೂ ಶಿವರಾಜು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ಹೋದ ಮಕ್ಕಳ ದಿನಾಚರಣೆಯಲ್ಲಿ ಮಕ್ಕಳ ರಕ್ಷಣೆಯ ಮೇಲೆ ಅರ್ಧ ಗಂಟೆ ಮಾತಾಡಿ, ಅದೇ ಮಕ್ಕಳ ಕೈಯಲ್ಲಿ ಹಾರ ಹಾಕಿಸಿಕೊಂಡಿದ್ದ.

"ಅದೇನೋ ಪೋಸ್ಕೊ ಅಂತೆ," ಎಂದ ಚಲುವರಾಜು. "ಅದ್ರಲ್ಲಿ ಆಕುಸ್ತೀಯೇನೇ ನನ್ ತಮ್ಮನ್ನ? ಏನಾಗೋಯ್ತು ಅಂತ? ಮಗೀನ್ ಕೈ ಇಡ್ಕಂಡವ್ನೆ. ನಾಳಿಕ್ ಬಾನುವಾರ ತಿಮ್ಮಯ್ಯಣ್ಣನ್ ಜಗಲಿತಾವ ಬಾ. ರಾಜಿ ಬರ್ಕೊಟ್ಟು ಸುಮ್ಕಿರು. ಅಂಗನವಾಡೀಲಿ ಆಯಾ ಕೆಲ್ಸ ಕೊಡುಸ್ತೀನಿ. ಬರ್ಲಿಲ್ವೋ, ನಿಮ್ ಕೇರೀಗೆ ಓಗೋ ದಾರಿ ನನ್ ಗದ್ದೆ ಮ್ಯಾಲೇ ಅದೆ, ಮರೀಬ್ಯಾಡ."

"ಒರೆ ಇಳಿಸ್ಲಾ ಗೌಡ್ರೆ?" ಎಂದಳು ಶೋಭಾರಾಣಿ.

ಅಂದು ಮಧ್ಯಾಹ್ನ ಸೊಪ್ಪಿನ ಸಾಲಿನೊಳಗೆ ಕೂತು ಅವಳು ಮಕ್ಕಳ ಸಹಾಯವಾಣಿಯ ಒಂದು ಸೊನ್ನೆ ಒಂಬತ್ತು ಎಂಟಕ್ಕೆ ಫೋನು ಮಾಡಿದಳು. ಆ ನಂಬರು ಸ್ಕೂಲಿನ ಗೋಡೆಯ ಮೇಲೆಯೇ ಇತ್ತು. ಅದನ್ನು ಬರೆಸಿದ್ದೂ ಶಿವರಾಜುವೇ, ಕೆಳಗೆ ತನ್ನ ಹೆಸರನ್ನೂ ಬರೆಸಿದ್ದ. ಕರೆ ಮಂಡ್ಯದ ವೀಣ ಎಂಬ ಮೇಡಂಗೆ ಸೇರಿತು. ವೀಣ ಸಮಾಧಾನದಿಂದ ಕೇಳಿಸಿಕೊಂಡು, "ನಾವೇ ಇವತ್ತು ಬರ್ತೀವಿ" ಎಂದಳು.

"ಜೀಪು ಬಂದ್ರೆ ಕೇರೀನೇ ಎದ್ರಿ ಬಾಯಿ ಮುಚ್ಕತದೆ ಕಣಮ್ಮ. ನಾಡಿದ್ದು ಸೋಮಾರ ನಾನೇ ಕರ್ಕಂಡ್ ಬತ್ತೀನಿ. ಅಲ್ಲೀಗಂಟ ಅವ್ಳು ನನ್ ತಮ್ಮನ್ ಮನೇಲಿರ್ತಾಳೆ, ಬನ್ನೂರಲ್ಲಿ. ಆದ್ರೆ ನಮ್ ಮಗೀನ್ ಮಾತ ಯಾರ್ ನಂಬಾರು?"

"ಮಗು ಮಾತೇ ಸಾಕು ಅಕ್ಕ. ಊರಲ್ಲಿ ಇನ್ಯಾರಿಗಾದ್ರೂ ಗೊತ್ತಾ?"

"ಎಲ್ರುಗೂ ಗೊತ್ತು. ಕೇಳುದ್ರೆ ಯಾರ್ಗೂ ಗೊತ್ತಿಲ್ಲ."

"ಗೊತ್ತಿದ್ದೂ ಪೊಲೀಸಿಗೆ ತಿಳಿಸದೆ ಇರೋದೂ ಪೋಕ್ಸೊ ಕಾನೂನಲ್ಲಿ ಅಪರಾಧಾನೇ. ಆದ್ರೆ ಗೊತ್ತಿತ್ತು ಅಂತ ತೋರಿಸ್ಬೇಕಲ್ಲ," ಎಂದಳು ವೀಣ, ಏನೋ ಯೋಚಿಸುತ್ತ.

ಶೋಭಾರಾಣಿ ಫೋನಿಟ್ಟು ಬಹಳ ಹೊತ್ತು ಸೊಪ್ಪು ಕೊಯ್ಯಲಿಲ್ಲ. ಗೊತ್ತಿಲ್ಲ ಅನ್ನುವವರ ಬಾಯಿಂದ ಗೊತ್ತು ಅನ್ನಿಸುವುದು ಹೇಗೆ ಎಂಬುದೊಂದೇ ಅವಳ ತಲೆಯಲ್ಲಿತ್ತು.

ಭಾನುವಾರ ಬೆಳಿಗ್ಗೆ ತಿಮ್ಮಯ್ಯನ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಬಿದ್ದವು. ತಿಮ್ಮಯ್ಯ, ಚಲುವರಾಜು, ಸಿದ್ದರಾಮು ಮೇಷ್ಟ್ರು ಕೂತರು. ಶಿವರಾಜು ಕಂಬಕ್ಕೊರಗಿ ಮೊಬೈಲು ನೋಡುತ್ತಿದ್ದ, ತನಗೂ ಈ ಮಾತಿಗೂ ಸಂಬಂಧವೇ ಇಲ್ಲದವನಂತೆ. ಪುಟ್ಟಮಾದಯ್ಯ ಕೆಳಗೆ ಕಲ್ಲಿನ ಮೇಲೆ. ಶೋಭಾರಾಣಿಗೆ ಕಲ್ಲೂ ಇರಲಿಲ್ಲ. ಮೇಲಿದ್ದವರಿಗೆ ಸ್ಟೀಲ್ ಲೋಟದಲ್ಲಿ, ಕೆಳಗಿದ್ದವರಿಗೆ ಕಾಗದದ ಲೋಟದಲ್ಲಿ ಕಾಫಿ ಬಂತು. ತಿಮ್ಮಯ್ಯನ ಮನೆಯವರು ಈಗ ಕಾಲಕ್ಕೆ ತಕ್ಕಂತೆ ಬದಲಾಗಿದ್ದರು, ತೆಂಗಿನ ಚಿಪ್ಪು ಕೊಡುತ್ತಿರಲಿಲ್ಲ.

"ಎಣ್ಣು ಮಗೀನ್ ಇಸ್ಯ," ಎಂದ ತಿಮ್ಮಯ್ಯ ಮೀಸೆ ಒರೆಸಿಕೊಂಡು. "ಬೀದಿಗ್ ಬಂದ್ರೆ ನಾಳಿಕ್ ಯಾರ್ ತತ್ತಾರೆ ಸಂಬಂದ? ನಿನ್ ಒಳ್ಳೇದ್ಕೇ ಏಳ್ತಾ ಇರದು ಕಣವ್ವ. ಶಿವರಾಜೂಗೂ ಬೈದಿದೀನಿ. ಏನ್ಲಾ, ಬೈಲಿಲ್ವೇನ್ಲಾ?"

"ಊಂ," ಎಂದ ಶಿವರಾಜು ಮೊಬೈಲಿನಿಂದ ಕಣ್ಣೆತ್ತದೆ.

ನ್ಯಾಯ ಅಲ್ಲಿಗೆ ಮುಗಿಯಿತು. ಇನ್ನು ಬರವಣಿಗೆ. ಸಿದ್ದರಾಮು ಮೇಷ್ಟ್ರು ಛಾಪಾ ಕಾಗದ ಬಿಚ್ಚಿ ಕನ್ನಡಕ ಏರಿಸಿದರು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವರು. ಒಕ್ಕಣೆ ತಪ್ಪಿದರೆ, ವಿಷಯ ಎಂಬ ಸಾಲು ಬಿಟ್ಟರೆ ಎರಡು ಅಂಕ ಕಳೆಯುವವರು. ದುಂಡಗಿನ ಅಕ್ಷರದಲ್ಲಿ ಬರೆದು, ಗಟ್ಟಿಯಾಗಿ ಓದಿದರು: "ವಿಷಯ: ಊರಿನ ಮರ್ಯಾದೆ ಬಗ್ಗೆ. ಉಭಯ ಪಕ್ಷದವರೂ ಮನಸ್ತಾಪ ಮರೆತು ಇಂದಿನಿಂದ ಅನ್ಯೋನ್ಯವಾಗಿರಲು ಒಪ್ಪಿರುತ್ತಾರೆ."

"ಚೆಂದಾಗದೆ," ಎಂದ ತಿಮ್ಮಯ್ಯ.

ಶೋಭಾರಾಣಿ ಸೆರಗು ಎಳೆದುಕೊಂಡಳು.

"ನಂಗೆ ಓದಕ್ ಬರದು ಅಷ್ಟಕ್ಕಷ್ಟೆ ಗೌಡ್ರೆ. ಆದ್ರೂ ಕೇಳ್ತೀನಿ. ಇದ್ರಲ್ಲಿ ಯಾವ್ ಮನಸ್ತಾಪ ಅಂತ ಇಲ್ವಲ್ಲ. ನಾಳಿಕ್ ನಮ್ ಯಜಮಾನ ಮದ್ದೂರಿಂದ ಬಂದು, ನೀನ್ ಕೂಲಿ ಜಗಳಕ್ ರಾಜಿಯಾಗಿದ್ದೀಯ, ಮಗೀನ್ ಇಸ್ಯ ಅಂಗೇ ಅದೆ, ಅಂತ ಟೇಸನ್ನಿಗ್ ಓದ್ರೆ ನಾನೇನ್ ಮಾಡ್ಲಿ?"

ಚಲುವರಾಜುವಿನ ಕೈಯಲ್ಲಿದ್ದ ಲೋಟ ಅಲ್ಲಿಯೇ ನಿಂತಿತು. ಜಮೀನಿನವರಿಗೆ ಚಕ್ಕುಬಂದಿ ಎಂದರೆ ಪ್ರಾಣ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರ ಗದ್ದೆ ಎಂದು ನಾಲ್ಕು ದಿಕ್ಕೂ ಬರೆಯದ ಪತ್ರ ಅವರ ಲೆಕ್ಕದಲ್ಲಿ ಪತ್ರವೇ ಅಲ್ಲ. ಅವನ ಅಪ್ಪ ಒಂದು ಪಾಲುಪತ್ರದಲ್ಲಿ ಉತ್ತರ ದಿಕ್ಕು ಬರೆಯಿಸುವುದನ್ನು ಮರೆತು, ಹದಿನಾಲ್ಕು ವರ್ಷ ಕೋರ್ಟಿಗೆ ಅಲೆದು, ಕೊನೆಗೆ ಅರ್ಧ ಎಕರೆ ಗದ್ದೆಯನ್ನೂ ಆಮೇಲೆ ಆಯುಸ್ಸನ್ನೂ ಕಳೆದುಕೊಂಡಿದ್ದ.

"ಇವ್ಳ್ ಏಳದು ನ್ಯಾಯ್ವಾಗದೆ," ಎಂದ ಅವನು. "ಮೇಷ್ಟ್ರೆ, ಇದೇನ್ ಪತ್ರ ಬರ್ದಿದ್ದೀರಿ ನೀವು, ಗಾಳಿಪಟ ಇದ್ದಂಗದೆ. ಬಿಗಿಯಾಗಿ ಬರೀರಿ. ಯಾವತ್ತು, ಎಲ್ಲಿ, ಯಾರು, ಏನು, ಎಲ್ಲ ಇರ್ಬೇಕು. ಚಕ್ಕುಬಂದಿ ಆಕಿ."

"ನನ್ ಎಸ್ರು ಯಾಕಣ್ಣ?" ಎಂದ ಶಿವರಾಜು. ಈಗ ಮೊಬೈಲು ಜೇಬಿಗೆ ಹೋಗಿತ್ತು.

"ಮುಚ್ಕಂಡ್ ಕೂತ್ಕಳ್ಲಾ. ಮಾಡೋವಾಗ ಇಲ್ದಿದ್ ನಾಚ್ಕೆ ಬರೆಯೋವಾಗ ಬಂದ್ಬುಡ್ತು ಇವ್ನ್ಗೆ. ಎಸ್ರಿಲ್ದೆ ಇದ್ರೆ ರಾಜಿ ನಿಂದು ಅಂತ ಎಂಗ್ಲಾ ಆಯ್ತದೆ, ಬೋಳಿಮಗ್ನೆ?"

ಹೊಸ ಛಾಪಾ ಕಾಗದ ಬಂತು. ಮೇಷ್ಟ್ರಿಗೂ ಹುರುಪು ಹತ್ತಿತು, ಕೆಟ್ಟ ಪತ್ರ ಎನ್ನಿಸಿಕೊಂಡದ್ದು ಅವರಿಗೆ ನಿಜಕ್ಕೂ ನೋವಾಗಿತ್ತು. ಬರೆದು ಓದಿದರು:

"ಪೂರ್ವಕ್ಕೆ ಚಲುವರಾಜುರವರ ಹಿಪ್ಪುನೇರಳೆ ತೋಟ, ಪಶ್ಚಿಮಕ್ಕೆ ಊರ ರಸ್ತೆ, ಉತ್ತರಕ್ಕೆ ಸರ್ಕಾರಿ ಶಾಲೆಯ ಕಾಂಪೌಂಡು, ದಕ್ಷಿಣಕ್ಕೆ ಕಾಲುವೆ. ಈ ಮಧ್ಯೆ ಇರುವ ಹುಳುಮನೆಯಲ್ಲಿ, ಕಳೆದ ಶುಕ್ರವಾರಕ್ಕೆ ಹಿಂದಿನ ಶುಕ್ರವಾರ ಸಂಜೆ ನಾಲ್ಕೂವರೆ ಗಂಟೆಗೆ, ಸದರಿ ಶಿವರಾಜುರವರು ಸದರಿ ಶೋಭಾರಾಣಿಯವರ ಅಪ್ರಾಪ್ತ ವಯಸ್ಸಿನ ಮಗಳನ್ನು ಒಳಗೆ ಕೂಡಿ ಮೈಮೇಲೆ ಕೈ ಹಾಕಿ ಅಸಭ್ಯವಾಗಿ ವರ್ತಿಸಿದ್ದು, ಈ ಕೆಳಗೆ ಸಹಿ ಮಾಡಿರುವ ನಮ್ಮೆಲ್ಲರಿಗೂ ಸಂಪೂರ್ಣವಾಗಿ ತಿಳಿದಿದ್ದು, ಪೊಲೀಸರಿಗೆ ತಿಳಿಸದೆ ನಮ್ಮೊಳಗೇ ಬಗೆಹರಿಸಿಕೊಂಡಿರುತ್ತೇವೆ."

"ಸದರಿ ಅನ್ನದು ಎಲ್ಡೂ ಕಡೆ ಬಂದದಲ್ಲ, ಬಾಳ ಗಟ್ಟಿಯಾಯ್ತು," ಎಂದ ತಿಮ್ಮಯ್ಯ.

ಆಮೇಲೆ ಸಹಿಯ ಜಗಳ. ತಿಮ್ಮಯ್ಯ ಮೊದಲು ಎಂಬುದರಲ್ಲಿ ತಕರಾರಿರಲಿಲ್ಲ. ಎರಡನೆಯದು ತನ್ನದು ಎಂದು ಚಲುವರಾಜು, ಸರ್ಕಾರಿ ನೌಕರನ ಸಹಿ ಸಾಮಾನ್ಯರ ಕೆಳಗೆ ಬರುವಂತಿಲ್ಲ ಎಂದು ಮೇಷ್ಟ್ರು. ಕೊನೆಗೆ ಮೇಷ್ಟ್ರು ಬೀಗದ ಕೈ ಕೊಟ್ಟು ಸ್ಕೂಲಿನಿಂದ ಹೆಡ್ಮಾಸ್ಟರ್ ಸೀಲು ತರಿಸಿ, ಮೂರನೆಯ ಜಾಗದಲ್ಲೇ ಆದರೂ ಮೊದಲಿನ ಎರಡಕ್ಕಿಂತ ದೊಡ್ಡದಾಗಿ ಒತ್ತಿ ಸೇಡು ತೀರಿಸಿಕೊಂಡರು. ಶಿವರಾಜು ನಾಲ್ಕನೆಯವನು. ಶಾಲಾಭಿವೃದ್ಧಿ ಸಮಿತಿ ಅಧ್ಯಕ್ಷರು ಎಂದು ಕೆಳಗೆ ಬರೆಯುವುದನ್ನು ಮರೆಯಲಿಲ್ಲ.

ಕೇರಿಯ ಪರವಾಗಿ ಪುಟ್ಟಮಾದಯ್ಯ. ತಿಮ್ಮಯ್ಯ ಪೆನ್ನನ್ನು ಕೈಗೆ ಕೊಡಲಿಲ್ಲ, ಜಗಲಿಯಿಂದ ಮಣ್ಣಿಗೆ ಎಸೆದ. ಕಾಗದವೂ ಹಾಗೇ ಕೆಳಗಿಳಿಯಿತು. "ಅವ್ರ ಸೈನಿಂದ ಒಸಿ ಜಾಗ ಬುಟ್ಟು ಕೆಳ್ಗಡೆ ಆಕ್ಲಾ," ಎಂದ.

"ಆಗ್ಲಿ ಬುದ್ದಿ," ಎಂದು ಪುಟ್ಟಮಾದಯ್ಯ ಪೆನ್ನು ಹೆಕ್ಕಿ ಪಂಚೆಗೆ ಒರೆಸಿದ. ಮೂವತ್ತು ವರ್ಷ ನೀರುಗಂಟಿ ಕೆಲಸ ಮಾಡಿದವನು, ಯಾರ ಗದ್ದೆಗೆ ಎಷ್ಟು ನೀರು ಎಂದು ದಿನವೂ ಓದಿ ಬರೆದವನು. ಅವನೊಬ್ಬನೇ ಸಹಿಗೆ ಮೊದಲು ಆ ಪತ್ರವನ್ನು ಪೂರ್ತಿ ಓದಿದ. ಓದಿ ಮುಗಿಸಿ ಶೋಭಾರಾಣಿಯ ಕಡೆ ನೋಡಿದ. ಈ ಮುದುಕ ಈಗೊಂದು ಮಾತು ಆಡಿದರೆ ಮಗಳ ಪಾಲಿಗೆ ಎಲ್ಲವೂ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಸರ್ಯಾಗದೆ," ಎಂದ ಪುಟ್ಟಮಾದಯ್ಯ. "ಎಲ್ರುದೂ ಬಂದದೆ. ನಂದೂ ಇರ್ಲಿ." ಕಾಗದ ಹರಿಯುವಷ್ಟು ಒತ್ತಿ ಬರೆದು, ಪಾಲುಪತ್ರಗಳ ರೂಢಿಯಂತೆ ತಾನೇ ಕೇಳಿದ: "ಎಣ್ಣುಮಗೀಗೂ ಒಂದ್ ಪ್ರತಿ ಕೊಡ್ಬೇಕಲ್ವಾ ಬುದ್ದಿ? ಎಲ್ಡೂ ಪಾರ್ಟಿತಾವ ಒಂದೊಂದಿದ್ರೇ ಅಲ್ವಾ ರಾಜಿ ನಿಲ್ಲದು?"

"ಕೊಡ್ಲಿ ಕೊಡ್ಲಿ. ದಿನಾ ಓದ್ಕಳ್ಲಿ, ಬುದ್ದಿ ಬತ್ತದೆ," ಎಂದ ಚಲುವರಾಜು. ಎರಡನೆಯ ಪ್ರತಿಗೂ ಅದೇ ಕ್ರಮದಲ್ಲಿ ಸಹಿ, ಅದೇ ಸೀಲು. ಕೊನೆಯಲ್ಲಿ, ಒಪ್ಪಿರುತ್ತೇನೆ ಎಂಬಲ್ಲಿ, ಶೋಭಾರಾಣಿ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು.

ಸೋಮವಾರ ಹನ್ನೊಂದಕ್ಕೆ ಮಂಡ್ಯದ ಆಫೀಸಿನಲ್ಲಿ ತಾಯಿ ಮಗಳು ಕೂತಿದ್ದರು. ಹುಡುಗಿಯನ್ನು ಒಬ್ಬ ಹೆಂಗಸು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಹುಡುಗಿ ಎರಡು ಸಲ ತಿರುಗಿ ನೋಡಿ ಹೋದಳು. ವೀಣ ಮೇಜಿನ ಮೇಲೆ ಪತ್ರ ಬಿಡಿಸಿ ಒಮ್ಮೆ ಓದಿದಳು, ನಂಬಿಕೆ ಬಾರದೆ ಮತ್ತೊಮ್ಮೆ ಓದಿದಳು.

"ಇವರಿಗೆಲ್ಲ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು ಅಂತ ಅವ್ರೇ ಬರ್ಕೊಟ್ಟವ್ರೆ ಕಣಮ್ಮ. ಯಾರೂ ಬಲವಂತ ಮಾಡ್ಲಿಲ್ಲ."

"ಹೆಡ್ಮಾಸ್ಟರ್ ಸೀಲು ಬೇರೆ."

"ಅದ್ನ ಬ್ಯಾರೆಯಾಗೇ ತರಿಸ್ಕಂಡ್ರು."

ವೀಣಳ ತುಟಿಯಲ್ಲಿ ನಗು ಬಂದು ಹಾಗೇ ಹೋಯಿತು. ಸಹಿಗಳ ಮೇಲೆ ಇಳಿಯುತ್ತಿದ್ದ ಅವಳ ಬೆರಳು ಜಾಗ ಬಿಟ್ಟು ಬರೆದಿದ್ದ ಪುಟ್ಟಮಾದಯ್ಯನ ಹೆಸರು ದಾಟಿ ಕೆಳಗೆ ಬಂದು ನಿಂತಿತು. "ಅಕ್ಕ, ಒಪ್ಪಿದ್ದೀನಿ ಅಂತ ನಿಮ್ಮ ಸಹಿನೂ ಇದೆ ಇಲ್ಲಿ. ನೀವು ತಾಯಿ, ಇದನ್ನ ಯಾರೂ ತಪ್ಪು ಅಂತ..."

"ತಪ್ಪೇಯ," ಎಂದಳು ಶೋಭಾರಾಣಿ. "ಅವತ್ತು ಸಂಜೆ ಅವ್ಳು ಏಳಕ್ ಬಂದಾಗ ಮೊದ್ಲು ಬಾಯ್ ಮುಚ್ಚಿದ್ದು ನನ್ ಕೈನೇ. ಈ ಗೌಡ್ರೆಲ್ಲ ಆಮೇಲ್ ಬಂದೋರು. ನೀವ್ ಎಸ್ರು ಬರ್ಕಳದಾದ್ರೆ ನಂದ್ರಿಂದ್ಲೇ ಸುರು ಮಾಡಿ. ಆದ್ರೆ ಒಬ್ರುದೂ ಬುಡ್ಬ್ಯಾಡಿ."