ಪಕ್ಕದ ಚೀಲ

1986ರಲ್ಲಿ ಹೆಬ್ಬಾಳದ ಪ್ರಯೋಗಾಲಯವೊಂದರಲ್ಲಿ ಗಂಗಾದೇವಿ, ಪ್ರೋಗ್ರಾಮುಗಳನ್ನು ಓದಿ ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಬರೆಯುತ್ತಿದ್ದಳು. ಷರತ್ತು ನಿಜವಾದರೆ ಅಂಕಿಗಳ ಪಟ್ಟಿ, ಇಲ್ಲದಿದ್ದರೆ ಖಾಲಿ ಪಟ್ಟಿ ಕೊಡು ಎಂದರೆ ಸಾಕು, ಅದು ‘ಯಾವುದರ ಖಾಲಿ ಪಟ್ಟಿ?’ ಎಂದು ಮೊಂಡು ಹಿಡಿಯುತ್ತಿತ್ತು.

“ಯಾವುದರದ್ದು ಅಂತ ನಾವೇ ಬರೆದುಬಿಡೋಣ ಕಣಮ್ಮ,” ಎಂದರು ಹಿರಿಯ ಸಹೋದ್ಯೋಗಿ ಖುದ್ದೂಸ್.

“ಯಾಕ್ ಸಾರ್ ಬರೀಬೇಕು? ಯಶವಂತಪುರದ ಮಂಡೀಲಿ ಈರುಳ್ಳಿ ಮೂಟೆ ಪಕ್ಕ ಬಿದ್ದಿರೋ ಖಾಲಿ ಚೀಲ ಯಾವುದರದ್ದು ಅಂತ ಯಾರಾದ್ರೂ ಕೇಳ್ತಾರಾ? ಪಕ್ಕದ್ದನ್ನ ನೋಡ್ತಾರೆ!” ಎಂದು ರೇಗಿದವಳು ತಟ್ಟನೆ ಪರದೆಯತ್ತ ತಿರುಗಿದಳು. ಅವಳ ಕಂಪೈಲರ್ ಪಕ್ಕಕ್ಕೆ ನೋಡುತ್ತಲೇ ಇರಲಿಲ್ಲ. ಷರತ್ತಿನ ಎರಡೂ ಕವಲುಗಳನ್ನು ಬೇರೆಬೇರೆಯಾಗಿ ತೀರ್ಮಾನಿಸುತ್ತಿತ್ತು.

ಸಂಜೆಯೊಳಗೆ ಅದು ಪಕ್ಕಕ್ಕೆ ನೋಡಲು, ಅಲ್ಲಿ ಅಂಕಿಗಳಿದ್ದರೆ ಖಾಲಿ ಪಟ್ಟಿಯೂ ಅಂಕಿಗಳದ್ದೇ ಎನ್ನಲು ಕಲಿಯಿತು.

ಖುದ್ದೂಸ್ ತುಂಟತನದಿಂದ ಎರಡೂ ಕಡೆ ಖಾಲಿ ಪಟ್ಟಿಯನ್ನೇ ಕೊಟ್ಟರು. ಕಂಪೈಲರ್ ಈ ಸಲ ತಪ್ಪೆನ್ನಲಿಲ್ಲ. ‘ಪಟ್ಟಿ,’ ಎಂದಿತು, ‘ಏನು ಬೇಕಾದರೂ ತುಂಬಬಹುದು.’